ರೊಟ್ಟಿಯ ಎಸರಿಗೆ ಎರಡು ಕೊಡ ನೀರು

ನೀರಿನ ಈ ತಿಳುವಳಿಕೆ ನನಗೆ ಪುಕ್ಕಟೆ ಬರಲಿಲ್ಲ. ಇದಕ್ಕಾಗಿ ಬೆಳಗಿನ ಹೋಟೆಲ್ ಕಟ್ಟೆಯನ್ನು ಬಿಟ್ಟುಕೊಟ್ಟಿದ್ದೇನೆ. ದನದ ದಲಾಲಿಗೆ ಆ ಕಟ್ಟೆಯೇ ಅಂಗಡಿ. ಯಾರ ಮನೆಯ ಎತ್ತು ಮಾರಾಟಕ್ಕಿದೆ, ಯಾರಿಗೆ ಜೋಡಿ ಬೇಕಾಗಿದೆ ಎಂಬ ಸುದ್ದಿಯೆಲ್ಲ ಚಹಾದ ಜೊತೆಗೇ ಸಿಗುತ್ತದೆ. ಈಗ ಆ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನ ಹತ್ತಿರದ ಶುದ್ಧ ನೀರಿನ ಘಟಕದಿಂದ ಮನೆಗೆ ಕೊಡ ಹೊರುತ್ತಿರುತ್ತೇನೆ. ಕಟ್ಟೆಯ ಮೇಲಿನವರು ಸುಮ್ಮನೆ ಬಿಡುತ್ತಾರೆಯೇ? "ಏನಪಾ ದಲಾಲಿ, ಎತ್ತು ಮಾರಿ ಮಾರಿ ಕಡೀಕ ನೀನ ಎತ್ತ ಆದ್ಯಲ್ಲೋ!" ಎಂದು ಕೂಗುತ್ತಾರೆ. ಆಗಲಿ. ಕೊಂಡ ಸರಕಿಗೆ ಈ ಬೆಲೆ ಹೆಚ್ಚಲ್ಲ. ಯಾಕೆಂದು ಹೇಳುತ್ತೇನೆ.

ನಮ್ಮದು ಕುಷ್ಟಗಿ ಕಡೆಯ ಊರು. ಬೋರ್‌ವೆಲ್ ನೀರಿನ ಮೇಲೆ ಬದುಕಿದವರು. ಶಾಲೆ ನನಗೆ ಹತ್ತಲಿಲ್ಲ. ದನದ ಬಾಯಿ ಬಿಡಿಸಿ ಹಲ್ಲು ನೋಡುವುದನ್ನು ಮಾತ್ರ ಸಂತೆಯಲ್ಲಿ ನಿಂತು ಕಲಿತೆ. ಎರಡು ಹಲ್ಲಿನ ಹೋರಿ ಯಾವುದು, ಎಲ್ಲ ಹಲ್ಲು ಬಂದು ಬಾಯಿಗೂಡಿದ ಎತ್ತು ಯಾವುದು ಎಂದು ಹೇಳುವುದರಲ್ಲೇ ಮನೆ ಕಟ್ಟಿದೆ, ಮಕ್ಕಳ ಮದುವೆ ಮಾಡಿದೆ. ಕನಕಗಿರಿ ಸಂತೆಗೆ ಗಂಗಾವತಿ ಕಡೆಯ ಗಿರಾಕಿಗಳು ಬರುತ್ತಿದ್ದರು. ಕಾಲುವೆ ನೀರು ಕುಡಿಯುವ ಜನ. ನಮ್ಮ ಕಡೆಯ ಎತ್ತಿನ ತುಟಿ ಬಿಡಿಸಿ, ಹಲ್ಲಿನ ಮೇಲಿನ ಕಂದು ಗೆರೆ ನೋಡಿ, ಒಬ್ಬ ಗಿರಾಕಿ ಪ್ರತಿಸಲವೂ ಅದೇ ಮಾತು ಆಡುತ್ತಿದ್ದ: "ಇದಕ್ಕ ತಂಬಾಕ ತಿನ್ನಿಸಿಯೇನು? ಬೋರಿನ ನೀರಿನ ದನ ಬ್ಯಾಡಪಾ. ಮುಂದ ಕಾಲು ಹಿಡಕೊಂತಾವ." ನಾನು ಒಂದಿಷ್ಟು ಇಳಿಸಿ ವ್ಯಾಪಾರ ಮುಗಿಸುತ್ತಿದ್ದೆ. ಆ ಗೆರೆ ನನಗೆ ಚೌಕಾಸಿಯ ಮಾತಾಗಿತ್ತೇ ಹೊರತು ನೀರಿನ ಮಾತಾಗಿರಲಿಲ್ಲ.

ಅದೇ ಗೆರೆ ನಮ್ಮ ಮನೆಯಲ್ಲೂ ಇತ್ತು. ನನ್ನ ಹಿರಿಯ ಮೊಮ್ಮಗಳು ಐದನೆಯ ತರಗತಿಯಲ್ಲಿದ್ದಾಳೆ. ನಗು ಬಂದರೆ ಮೊದಲು ಅಂಗೈ ಬಾಯಿಗೆ ಹೋಗುತ್ತದೆ, ಆಮೇಲೆ ನಗು ಬರುತ್ತದೆ. ಶಾಲೆಯ ಫೋಟೋದಲ್ಲಿ ಎಲ್ಲರೂ ಹಲ್ಲು ಬಿಟ್ಟು ನಿಂತಿದ್ದಾರೆ, ಇವಳೊಬ್ಬಳು ತುಟಿ ಬಿಗಿದು ನಿಂತಿದ್ದಾಳೆ. ಕಿರಿಯವಳಿಗೆ ಇನ್ನೂ ಎರಡು ತುಂಬಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ಕೊಟ್ಟರೆ ಈಗಷ್ಟೇ ತಿನ್ನಲು ಕಲಿತಿದ್ದಾಳೆ.

ಶಾಲೆಗೆ ಕೊಪ್ಪಳದಿಂದ ಹಲ್ಲಿನ ಡಾಕ್ಟರು ಬರುತ್ತಾರೆಂದು ತಿಳಿದು ಹಿರಿಯಳನ್ನು ಕರೆದುಕೊಂಡು ಹೋದೆ. ಕಿರಿಯಳು ಬಗಲಲ್ಲಿದ್ದಳು. ಡಾಕ್ಟರು ನಡುವಯಸ್ಸಿನ ಹೆಣ್ಣುಮಗಳು, ಮಾತಿನಲ್ಲಿ ಗಡಿಬಿಡಿ ಇಲ್ಲ. ನಾನು ನನ್ನ ಚಾಳಿಯಂತೆ ಶುರು ಮಾಡಿದೆ:

"ಮೇಡಂ, ಸಂತ್ಯಾಗ ಎತ್ತಿನ ಹಲ್ಲು ತಿಕ್ಕಿ ಬೆಳ್ಳಗ ಮಾಡಿ ಮಾರೋರು ಅದಾರ. ಈಕಿಗೂ ಹಂಗ ಏನರ ತಿಕ್ಕಾಕ ಕೊಡ್ರಿ."

ಆಕೆ ನಕ್ಕರು. "ಇದು ಮ್ಯಾಲಿನ ಹೊಲಸಲ್ರಿ ಯಜಮಾನ್ರ, ತಿಕ್ಕಿದ್ರ ಹೋಗಾಕ. ಹಲ್ಲು ಒಸಡಿನೊಳಗ ತಯಾರಾಗೋ ಹೊತ್ತಿಗೇ ಕೂತ ಕಂದು ಕಲಿ. ನೀರಿನಾಗಿನ ಫ್ಲೋರೈಡ್ ಹೆಚ್ಚಾದ್ರ ಹಿಂಗಾಗತೈತಿ. ಈಕಿ ಸ್ವಲ್ಪ ದೊಡ್ಡಾಕಿ ಆಗ್ಲಿ, ಕಲಿ ಮುಚ್ಚಾಕ ದಾರಿ ಅದಾವ. ನನಗ ಚಿಂತಿ ಇರೂದು ನಿಮ್ಮ ಬಗಲಾಗಿನ ಕೂಸಿಂದು."

"ಈಕಿ ಹಲ್ಲು ಛಲೋ ಅದಾವಲ್ರಿ?"

"ಇವು ಹಾಲುಹಲ್ಲು. ಇವು ಬಿದ್ದ ಮ್ಯಾಲ ಬರೋ ಹಲ್ಲು ಈಗ ಒಳಗ ತಯಾರಾಗಾಕ ಹತ್ಯಾವ. ಈಗ ಎಂಥಾ ನೀರು ಹೊಟ್ಟಿಗೆ ಹೋಗತೈತೋ, ಅದರ ಗುರುತು ಆವಾಗ ಕಾಣತೈತಿ. ಯಾವ ನೀರು ಕುಡೀತೀರಿ?"

ನಾನು ಎದೆಯುಬ್ಬಿಸಿ ಹೇಳಿದೆ: "ಫಿಲ್ಟರ್ ನೀರು ಬಿಟ್ಟು ಬ್ಯಾರೆ ಮುಟ್ಟೂದಿಲ್ರಿ."

"ಬ್ಯಾಳಿ ಯಾವ ನೀರಾಗ ಕುದೀತಾವ? ರೊಟ್ಟಿ ಹಿಟ್ಟಿಗೆ ಯಾವ ನೀರು?"

"ಅದಕ್ಕ ಬೋರಿನ ನೀರ್ರಿ. ಆದ್ರ ಎಸರಿಟ್ಟು ಕಳಕಳ ಕುದಿಸೇ ಹಾಕ್ತೀವಿ."

ಜೋಳದ ಹಿಟ್ಟು ತಣ್ಣೀರಿಗೆ ಹಿಡಿತ ಕೊಡುವುದಿಲ್ಲ. ಕುದಿಯುವ ನೀರು, ಅಂದರೆ ಎಸರು, ಸುರಿದು ನಾದಿದರೇ ರೊಟ್ಟಿ ತಟ್ಟಲು ಬರುತ್ತದೆ. ಕುದಿದ ನೀರಿನಲ್ಲಿ ಕೆಟ್ಟದ್ದೇನೂ ಉಳಿಯುವುದಿಲ್ಲ ಎಂಬುದು ನಮ್ಮ ಇಡೀ ಊರಿನ ನಂಬಿಕೆ.

"ಕುದಿಸಿದ್ರ ಹುಳ ಸಾಯ್ತಾವ, ಖರೆ. ಫ್ಲೋರೈಡ್ ಹುಳ ಅಲ್ಲ, ಉಪ್ಪಿದ್ದಂಗ. ಸಾರು ಕುದಿಸಿ ಕುದಿಸಿ ಬತ್ತಿಸಿದ್ರ ಉಪ್ಪು ಕಡಿಮಿ ಆಗತೈತೋ, ಹೆಚ್ಚಾಗತೈತೋ?"

"ಹಲ್ಲಷ್ಟ ಅಲ್ರಿ," ಎಂದು ಆಕೆ ಮುಂದುವರಿಸಿದರು, "ವರ್ಷಾನುಗಟ್ಟಲೆ ಹೋದ್ರ ಎಲುಬಿಗೆ, ಕೀಲಿಗೆ ಇಳೀತೈತಿ." ಕನಕಗಿರಿ ಸಂತೆಯ ಗಿರಾಕಿಯ ಮಾತು ನೆನಪಾಯಿತು: ಮುಂದ ಕಾಲು ಹಿಡಕೊಂತಾವ. ಬಗಲಲ್ಲಿದ್ದ ಕೂಸು ನನ್ನ ರುಮಾಲಿನ ತುದಿ ಕಚ್ಚುತ್ತಿತ್ತು.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಮನೆಯಲ್ಲಿ ರೊಟ್ಟಿ ಆಕೆಯದೇ ರಾಜ್ಯ. "ಫಿಲ್ಟರ್ ನೀರಾಗ ನಾದಿದ್ರ ರೊಟ್ಟಿ ಅಂಚು ಹರೀತಾವ. ಹರಕ ರೊಟ್ಟಿ ತಟ್ಟಾಕಿ ಅನ್ನಿಸ್ಕೊಳ್ಳಾಕ ನನ್ನಿಂದ ಆಗೂದಿಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ಹೆದರಿಸಿದೆ, ಹೊಗಳಿದೆ, ಕೂಸಿನ ಬಾಯಿ ತೆರೆದು ತೋರಿಸಿದೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ.

ಕೊನೆಗೆ ನನಗೆ ಬರುವ ಒಂದೇ ವಿದ್ಯೆ ತೆಗೆದೆ. ದನದ ಸಂತೆಯಲ್ಲಿ ನಾವು ಬೆಲೆಯನ್ನು ಬಾಯಿಂದ ಹೇಳುವುದಿಲ್ಲ; ರುಮಾಲಿನ ಕೆಳಗೆ ಕೈ ಕೊಟ್ಟು, ಬೆರಳು ಒತ್ತಿ ಹೇಳುತ್ತೇವೆ. ಒಲೆಯ ಮುಂದೆ ಕೂತು ರುಮಾಲು ಹಾಸಿದೆ.

"ಇದೇನ್ರಿ, ನನ್ನ ಮಾರಾಕ ಹೊಂಟೀರೇನು?"

"ನಿನ್ನ ಕೊಳ್ಳೋರು ಯಾರದಾರ? ಕೈ ಕೊಡು."

ಹಿಟ್ಟಿನ ಕೈ ಒರೆಸಿಕೊಂಡು ಕೊಟ್ಟಳು. ನಾನು ಒಂದು ಬೆರಳು ಒತ್ತಿದೆ: ಅಡುಗೆಗೆಂದು ದಿನಕ್ಕೆ ಒಂದು ಕೊಡ ಹೆಚ್ಚು. ಆಕೆ ಕೊಸರಿಕೊಂಡು ನನ್ನ ಎರಡು ಬೆರಳು ಹಿಡಿದಳು. ಬಿಡಲಿಲ್ಲ. ಹಾಗೇ ರುಮಾಲಿನಿಂದ ಹೊರಗೆಳೆದು, ಆ ಎರಡು ಬೆರಳನ್ನು ನನ್ನ ಹೆಗಲ ಮೇಲೆಯೇ ಇಟ್ಟಳು.

"ಸೊಸಿ ಹೊಲಕ್ಕ ಹೋಗೂದ್ರೊಳಗ ಕುಡಿಯೋ ನೀರು ತರತಾಳ. ಇನ್ನೆರಡು ಕೊಡ ಆಕಿ ತಲಿ ಮ್ಯಾಲ ಹೇರಿದ್ರ, ಆಕಿ ಎಲುಬು ಯಾವ ಡಾಕ್ಟರು ನೋಡ್ತಾರ? ಇವು ನಿಮ್ಮ ಕೊಡ."

ಸಂತೆಯಲ್ಲಿ ಯಾರೂ ನನ್ನನ್ನು ಹೀಗೆ ಕಟ್ಟಿಹಾಕಿರಲಿಲ್ಲ. ವ್ಯಾಪಾರ ಕುದುರಿತು.

ಮರುದಿನ ನಾನು ತಂದ ನೀರಿನಲ್ಲಿ ಎಸರಿಟ್ಟಳು. ರೊಟ್ಟಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದೆ. ಅಂಚು ಎಲ್ಲಿಯೂ ಹರಿದಿರಲಿಲ್ಲ.

"ನೋಡು, ಹರಿಯೂದಿಲ್ಲಲ್ಲ?"

"ಹರಿಯೂದಿಲ್ಲಂತ ನನಗ ಮೊದಲ ಗೊತ್ತಿತ್ತು. ಹೊರೋರು ಯಾರಂತ ಗೊತ್ತಿರಲಿಲ್ಲ" ಎಂದು ಮುಂದಿನ ರೊಟ್ಟಿ ತಟ್ಟಿದಳು.

ಈ ಮಾತನ್ನು ನಾನು ಕೊಡ ಹೊರುವಾಗೆಲ್ಲ ಮೆಲುಕು ಹಾಕುತ್ತೇನೆ. ಅಡುಗೆಗೂ ಶುದ್ಧ ನೀರು ಬಳಸಿ ಎಂದು ತಿಳಿದವರು ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಹೊರುವ ಹೆಗಲು ಯಾರದೆಂದು ಮನೆಯವರೇ ಗೊತ್ತುಮಾಡಿಕೊಳ್ಳಬೇಕು. ಕಿರಿಯಳ ಹೊಸ ಹಲ್ಲು ಬರಲು ಇನ್ನೂ ವರ್ಷಗಳಿವೆ. ಹಲ್ಲು ನೋಡದೆ ನಾನು ಮಾಡಿದ ವ್ಯಾಪಾರ ಇದೊಂದೇ. ಹಿರಿಯಳು ಮಾತ್ರ ನನ್ನಂತೆಯೇ ತಂಗಿಯ ತುಟಿ ಬಿಡಿಸಿ ನೋಡುತ್ತಾಳೆ. "ಅಜ್ಜಾ, ಇದು ಕಾಲುವಿ ಕಡಿ ಕರು ಆಗತೈತೇನು?" ಎಂದು ಕೇಳಿ ನಗುತ್ತಾಳೆ. ಅಂಗೈ ಇನ್ನೂ ಬಾಯಿಗೆ ಹೋಗುತ್ತದೆ.

ನಿಮ್ಮದೂ ಕುಷ್ಟಗಿ, ಯಲಬುರ್ಗಾ ಕಡೆಯ ಬೋರಿನ ಊರಾದರೆ ನನ್ನ ಮಾತು ಕೇಳಿ. ನೀರು ಸಿಹಿಯಿದೆ, ತಿಳಿಯಿದೆ ಎಂದು ಬಾಯಿ, ಕಣ್ಣು ನಂಬಬೇಡಿ. ಬಾಟಲಿ ತುಂಬಿ ಪರೀಕ್ಷೆಗೆ ಕೊಡಿ. ಪಕ್ಕದ ಬೋರಿನ ನೀರು ಪಾಸಾಯಿತೆಂದು ನಿಮ್ಮದನ್ನು ಬಿಡಬೇಡಿ, ಎರಡೂ ಒಂದೇ ಆಗಬೇಕೆಂದಿಲ್ಲ. ನೀರಿನ ಘಟಕದವರಿಗೆ ಫಿಲ್ಟರ್ ಯಾವಾಗ ಬದಲಿಸಿದಿರಿ ಎಂದು ಕೇಳಿ. ಕೇಳದ ಗಿರಾಕಿಗೆ ಯಾರೂ ಒಳ್ಳೆಯ ಸರಕು ಕೊಡುವುದಿಲ್ಲ. ಬೇಳೆಗೆ, ಅನ್ನಕ್ಕೆ, ರೊಟ್ಟಿಯ ಎಸರಿಗೆ ಘಟಕದ ನೀರೇ ಇರಲಿ. ಬೋರಿನದು ಸ್ನಾನಕ್ಕೆ, ಬಟ್ಟೆಗೆ ಸಾಕು. ಮಕ್ಕಳಿಗೆ ಚಹಾ ಬೇಡ, ಅದರಲ್ಲೂ ಫ್ಲೋರೈಡ್ ಇದೆ; ಹಾಲು, ಸೊಪ್ಪು ಕೊಡಿ. ಇಷ್ಟನ್ನೂ ಮನೆಯ ಹೆಂಗಸರಿಗೆ ಬೋಧಿಸುವ ಮೊದಲು ಖಾಲಿ ಕೊಡ ನಿಮ್ಮ ಹೆಗಲಿಗೆ ಇಟ್ಟುಕೊಳ್ಳಿ. ಆಮೇಲೆ ಮಾತು ಶುರು ಮಾಡಿ.