ಹಡಗಿನ ಅಡುಗೆಮನೆಯ ನೆಲ

ಹಡಗಿನೊಳಗೆ ನಾನು ಹೋಗಿರಲಿಲ್ಲ. ಹೋದವನು ವೀರಣ್ಣ. ನಾನು ಕೆಳಗೆ ಬಂದರಿನ ದಂಡೆಯ ಮೇಲೆ ಬುತ್ತಿಗಂಟು ಹಿಡಿದುಕೊಂಡು ನಿಂತಿದ್ದೆ — ನಿಂತಿದ್ದೆ ಎಂಬುದೂ ಪೂರ್ತಿ ನಿಜವಲ್ಲ, ಬಹಳ ಹೊತ್ತು ಕೂತಿದ್ದೆ, ಕೂತು ವೀರಣ್ಣನ ಪಾಲಿನ ರೊಟ್ಟಿಯನ್ನೂ ತಿಂದು ಮುಗಿಸಿದೆ. ಆಮೇಲೆ ಊರಿಗೆ ಬಂದು, ಹಡಗಿನೊಳಗೆ ಹೋದವನು ನಾನು, ಬುತ್ತಿ ಕಾಯುತ್ತ ಕೂತವನು ವೀರಣ್ಣ ಎಂದು ಹೇಳಿದೆ. ಐವತ್ತು ವರ್ಷಗಳಿಂದ ಊರು ಹಾಗೇ ತಿಳಿದುಕೊಂಡಿದೆ. ಇದೇ ನನ್ನ ತಪ್ಪು. ಮೊದಲೇ ಬರೆದುಬಿಟ್ಟಿದ್ದೇನೆ, ಏಕೆಂದರೆ ನನ್ನ ಸ್ವಭಾವ ನನಗೆ ಗೊತ್ತು. ಕಥೆ ಹೇಳುತ್ತ ಹೋದರೆ, ಕೊನೆ ಮುಟ್ಟುವ ಹೊತ್ತಿಗೆ ನಾನು ಮತ್ತೆ ಹಡಗು ಹತ್ತಿರುತ್ತೇನೆ.

ನಮ್ಮೂರು ಭಂಕೂರ, ಶಹಾಬಾದ ಸ್ಟೇಷನ್ನಿಗೆ ನಡೆದು ಹೋಗುವ ದೂರ. ಊರಿನ ಬದುಕೆಲ್ಲ ಕಲ್ಲು. ಮನೆಯ ನೆಲಕ್ಕೆ ಹಾಸಿದ್ದು ಕಲ್ಲು, ಮಾಳಿಗೆಗೆ ಹೊದಿಸಿದ್ದು ಕಲ್ಲು, ಬಚ್ಚಲಿಗೆ ಕಲ್ಲು, ಸತ್ತವರ ಮೇಲೂ ಕಲ್ಲು. ಆ ನುಣುಪಾದ ಚಪ್ಪಡಿಗೆ ನಾವು ಫರಸಿ ಎನ್ನುತ್ತೇವೆ. ನಾನೂ ವೀರಣ್ಣನೂ ಒಂದೇ ಗಣಿಯಲ್ಲಿ ಗುಮಾಸ್ತರು. ರಜಾಕಾರರ ಗದ್ದಲ ಮುಗಿದು ಎರಡು ವರ್ಷವಾಗಿತ್ತು, ಮತ್ತೆ ಶಹಾಬಾದಿನಿಂದ ವ್ಯಾಗನ್ನುಗಟ್ಟಲೆ ಫರಸಿ ಮುಂಬಯಿಗೆ ಹೋಗತೊಡಗಿತ್ತು. ಅಲ್ಲಿಯ ವ್ಯಾಪಾರಿ, ಕಲ್ಲು ಒಡೆದು ಬರುತ್ತಿದೆ ಎಂದು ಕಾಗದ ಬರೆದ. ನೋಡಿಕೊಂಡು ಬರಲು ನಮ್ಮ ಸಾಹುಕಾರರು ಇಬ್ಬರನ್ನೂ ಕಳಿಸಿದರು. "ಒಬ್ಬಂವ ಹೋದ್ರ ಅಂವ ಹೇಳಿದ್ದೇ ಖರೇ ಆಗತದ. ಇಬ್ಬರೂ ಹೋಗ್ರಿ, ಒಬ್ಬರಿಗೊಬ್ಬರು ಸಾಕ್ಷಿ ಇರ್ರಿ" ಎಂದರು. ಎಂಥ ಸಾಕ್ಷಿಯನ್ನು ಕಳಿಸಿದರು, ಪುಣ್ಯಾತ್ಮರು!

ಮುಂಬಯಿಯಲ್ಲಿ ಕೆಲಸ ಒಂದೇ ದಿನಕ್ಕೆ ಮುಗಿಯಿತು. ಆ ಜನ ಫರಸಿಯನ್ನು ಚಾಪೆಯಂತೆ ಒಂದರ ಮೇಲೊಂದು ಮಲಗಿಸಿ ಪೇರಿಸುತ್ತಿದ್ದರು. ಅದನ್ನು ಅಂಚಿನ ಮೇಲೆ ನಿಲ್ಲಿಸಬೇಕು ಎಂಬುದು ನಮ್ಮೂರಲ್ಲಿ ಕೂಸಿಗೂ ಗೊತ್ತು. ವೀರಣ್ಣ ನಿಲ್ಲಿಸಿ ತೋರಿಸಿದ. ವ್ಯಾಪಾರಿಯ ಮುನೀಮನಿಗೆ ಖುಷಿಯಾಗಿ, ನಿಮಗೊಂದು ತಮಾಷೆ ತೋರಿಸುತ್ತೇನೆ ಎಂದ. ವಿಲಾಯತಿಗೆ ಹೋಗುವ ದೊಡ್ಡ ಹಡಗು ಬಂದರಿನಲ್ಲಿ ನಿಂತಿದೆ, ಅದರ ಅಡುಗೆಮನೆಯಲ್ಲಿ ಗೋವೆಯ ಗೆಳೆಯನೊಬ್ಬ ಇದ್ದಾನೆ, ಹಿಂದಿನ ಬಾಗಿಲಿನಿಂದ ಇಬ್ಬರನ್ನು ಒಳಗೆ ಬಿಡುತ್ತಾನೆ. ದೊರೆಗಳು ಕುಣಿಯುವ ಮೇಲಿನ ಮನೆಗಳನ್ನು ಅವನು ತೋರಿಸುವಂತಿಲ್ಲ — ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಯಂತ್ರ ಇಷ್ಟೇ. ಹಡಗಿನ ಹೊಟ್ಟೆ.

ದಂಡೆಯಿಂದ ಹಡಗಿನ ಬಾಗಿಲಿಗೆ ಹಲಗೆಗಳನ್ನು ಬಿಡಿಬಿಡಿಯಾಗಿ ಜೋಡಿಸಿದ ಒಂದು ದಾರಿ ಹಾಕಿದ್ದರು. ಎರಡು ಹಲಗೆಗಳ ನಡುವೆ ಸಂದು. ಸಂದಿನಲ್ಲಿ ನೀರು. ನಾನು ಕಾಗಿಣಾ ಹೊಳೆಯನ್ನೇ ಎತ್ತಿನ ಬಾಲ ಹಿಡಿದು ದಾಟಿದವನು. ಮೂರನೆಯ ಹಲಗೆಯ ಮೇಲೆ ಕಾಲಿಟ್ಟೆ, ಕೆಳಗೆ ನೋಡಿದೆ — ತೊಡೆ ನಡುಗಿತು, ಬಾಯಿ ಒಣಗಿತು, ಧೋತರದ ಅಂಚನ್ನು ಹಲ್ಲಲ್ಲಿ ಕಚ್ಚಿಕೊಂಡೆ. ಹೆದರಿಕೆ ಎಂದು ಒಪ್ಪಿಕೊಳ್ಳಬಹುದಿತ್ತು. ವೀರಣ್ಣ ನಗುವವನಲ್ಲ. ಆದರೆ ನಾನು ಹೇಳಿದ್ದು ಬೇರೆ: "ಒಳಗ ಏನೇನ್ ಬೇಯಸ್ತಾರೋ ಏನೋ. ಬುತ್ತಿ ಮೈಲಿಗಿ ಆಗತದ. ನೀ ಹೋಗಿ ಬಾ, ನಾ ಕಾಯ್ತೀನಿ." ಹೀಗೆ ನನ್ನ ಪುಕ್ಕಲುತನವನ್ನು ಆಚಾರದ ಖಾತೆಗೆ ಹಾಕಿದೆ.

ಎರಡು ತಾಸು ಕೂತೆ. ಹಡಗಿನ ವಿಷಯದಲ್ಲಿ ನನ್ನ ಸ್ವಂತ ಅನುಭವವೆಂದರೆ ಇಷ್ಟು — ಒಂದು ಕರಿಯ ಕಬ್ಬಿಣದ ಗೋಡೆ, ಅದರಲ್ಲೊಂದು ದುಂಡನೆಯ ತೂತು, ಆ ತೂತಿನಿಂದ ಆಗಾಗ ಬೀಳುವ ಬಿಸಿನೀರು, ನೀರಿನಲ್ಲಿ ಉಳ್ಳಾಗಡ್ಡಿ ಸಿಪ್ಪೆ. ನನ್ನ ಹಡಗು ಇಷ್ಟೇ. ಮಿಕ್ಕ ಹೊತ್ತೆಲ್ಲ ರೊಟ್ಟಿ ಮತ್ತು ಶೇಂಗಾ ಹಿಂಡಿ.

ವೀರಣ್ಣ ಬೆವರಿ, ಧೋತರಕ್ಕೆ ಮಸಿ ಮೆತ್ತಿಸಿಕೊಂಡು ಬಂದ. ಖಾಲಿ ಗಂಟು ನೋಡಿದ. "ಇರ್ಲಿ ಬಿಡು" ಎಂದ. ಮರುದಿನ ರೈಲಿನಲ್ಲಿ ಸೊಲ್ಲಾಪುರ ದಾಟುವವರೆಗೂ ಹಡಗಿನ ಹೊಟ್ಟೆಯ ವಿಷಯ ಹೇಳಿದ. ಸಾಲಾಗಿ ಕೂತು ಉಳ್ಳಾಗಡ್ಡಿ ಸುಲಿಯುವವರು, ಅವರಲ್ಲಿ ಯಾರ ಕಣ್ಣಲ್ಲೂ ನೀರಿಲ್ಲ, ಅಷ್ಟು ವರ್ಷ ಸುಲಿದಿದ್ದಾರೆ. ಹಿಟ್ಟು ನಾದುವ ಯಂತ್ರ. ಕುರಿಗಳನ್ನು ನೇತುಹಾಕಿದ ಮಂಜುಗಡ್ಡೆಯ ಕೋಣೆ — ಅಲ್ಲಿ ಅವನು ಕೊರಳಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡನಂತೆ. ಉಗಿಯಲ್ಲಿ ಬಟ್ಟೆ ಬೇಯಿಸುವ ಕಡಾಯಿ. ಯಂತ್ರದ ಮುಂದೆ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡ ಜನ, ಬೇಸಿಗೆಯ ನಮ್ಮ ಗಣಿಗಿಂತ ಬಿಸಿ. ಇನ್ನೊಂದು ಬಾಗಿಲು, ಆಚೆ ಕಡೆ ಕಾಲು ಹುದುಗುವ ಮೆತ್ತನೆಯ ಗಾಲೀಚಾ, ಈಚೆ ಕಡೆ ಬರೀ ಕಬ್ಬಿಣ. ಈಚೆಯವರು ಆಚೆಯವರ ಕಣ್ಣಿಗೆ ಬೀಳದೆ ಓಡಾಡಲು ಬೇರೆಯೇ ಮೆಟ್ಟಿಲು. ಯಾವುದನ್ನೂ ಹೆಚ್ಚಿಸಲಿಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದ. ಇಷ್ಟು ಒಳ್ಳೆಯ ಸರಕು ಇಂಥ ಸಪ್ಪೆ ಬಾಯಿಗೆ ಸಿಕ್ಕಿತಲ್ಲ ಎಂದು ನನಗೆ ಆಗಲೇ ಹೊಟ್ಟೆ ಉರಿಯಿತು. ಬಹುಶಃ ಅಲ್ಲೇ —

ಶಹಾಬಾದಿನಲ್ಲಿ ನಾನೊಬ್ಬನೇ ಇಳಿದೆ. ಸೇಡಮ್ಮಿನಲ್ಲಿ ಅವನ ಅಕ್ಕ ಹಡೆದಿದ್ದಳು. ಅವನು ವಾಡಿಯವರೆಗೆ ಹೋಗಿ ಅಲ್ಲಿ ಗಾಡಿ ಬದಲಿಸಿ ಕೂಸು ನೋಡಲು ಹೋದ. ನಾಲ್ಕು ದಿನ ಬರಲಿಲ್ಲ. ಸುಳ್ಳು ಬೇರು ಬಿಡಲು ನಾಲ್ಕು ದಿನ ಭಾಳ ಆಯಿತು.

ಬಸವಣ್ಣನ ಗುಡಿಯ ಕಟ್ಟೆಯ ಮೇಲೆ ಸಂಗಪ್ಪ ಮುತ್ಯಾ ಕೂತಿದ್ದ. ಊರಿನ ಹಿರಿಯ ಕಲ್ಲುಕುಟಿಗ. ಕಲ್ಲನ್ನು ಬೆರಳಿನಿಂದ ತಟ್ಟಿ ಬಿರುಕು ಹೇಳುವವನು, ಮನುಷ್ಯರನ್ನೂ ಹಾಗೇ ತಟ್ಟಿ ನೋಡುತ್ತಾನೆ ಎಂದು ನಾವೆಲ್ಲ ನಂಬಿದ್ದೆವು. "ಹಡಗ ನೋಡಿದ್ರಂತ. ಒಳಗ ಹೋಗಿದ್ದೇನೋ ಶಿವಲಿಂಗಾ?" ಎಂದ. ಸುತ್ತ ಇಪ್ಪತ್ತು ಮುಖ. 'ನಾನಲ್ಲ, ವೀರಣ್ಣ' — ಎರಡು ಮಾತು. ಅಷ್ಟು ಹೇಳಿದ್ದರೆ ಇಪ್ಪತ್ತೂ ಮುಖ ಆ ಕಡೆ ತಿರುಗುತ್ತಿದ್ದವು. "ಹೋಗಿದ್ದೆ ಮುತ್ಯಾ" ಎಂದೆ.

ಆಮೇಲೆ ಏನು ಕೇಳುತ್ತೀರಿ! ಉಳ್ಳಾಗಡ್ಡಿ ಸುಲಿದೆ, ಹಿಟ್ಟು ನಾದಿದೆ, ಯಂತ್ರದ ಬಿಸಿಗೆ ಹಿಂದೆ ಸರಿದೆ. ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳಿದರು. ಚಿತ್ತಾಪುರದ ಸಂತೆಯವರೆಗೆ ಹಡಗನ್ನು ಒಯ್ದೆ. ವೀರಣ್ಣ ಎಲ್ಲಿದ್ದ ಎಂದು ಯಾರೋ ಕೇಳಿದರು, ಕೇಳಬೇಕಾದ ಪ್ರಶ್ನೆಯೇ. "ಅಂವ ಹೆದರಿದ. ಮೂರನೇ ಹಲಗಿ ಮ್ಯಾಲ ತೊಡಿ ನಡಗಾಕತ್ತಿದ್ವು, ಧೋತರ ಕಚ್ಚಿ ಹಿಡಿದ" ಎಂದೆ. ನನ್ನ ನಡುಕವನ್ನು ಒಂದು ಕೂದಲೂ ಬಿಡದೆ ಅವನಿಗೆ ಕೊಟ್ಟೆ. ಅಷ್ಟು ಸೂಕ್ಷ್ಮವಾಗಿ ಹೇಳಿದ್ದಕ್ಕೇ ಎಲ್ಲರೂ ನಂಬಿದರು.

ಐದನೆಯ ದಿನ ವೀರಣ್ಣ ಬಂದ. ಊರು ನಕ್ಕಿತು. ಅವನಿಗೆ ಮೊದಲು ತಿಳಿಯಲೇ ಇಲ್ಲ. ತಿಳಿದಾಗ ಕಟ್ಟೆಗೆ ಬಂದು, ಹೋದವನು ನಾನು ಎಂದ. ನಾನೂ, ಹೋದವನು ನಾನು ಎಂದೆ. ಸಂಗಪ್ಪ ಮುತ್ಯಾ ಕೈ ಎತ್ತಿದ. ಬೆರಳು ತಟ್ಟುವ ಹೊತ್ತು ಬಂದಿತ್ತು. ಇಬ್ಬರಿಗೂ ಒಂದೇ ಪ್ರಶ್ನೆ:

"ಹಡಗದ ಅಡಗಿಮನಿಗಿ ನೆಲಕ್ಕ ಏನ್ ಹಾಸ್ಯಾರ?"

ಹಡಗಿನ ಬಗ್ಗೆ ಇಂಥ ಪ್ರಶ್ನೆಯನ್ನು ನಮ್ಮೂರವರು ಬಿಟ್ಟರೆ ಜಗತ್ತಿನಲ್ಲಿ ಯಾರೂ ಕೇಳಲಾರರು. ನಾನು ಸಿಕ್ಕಿಬಿದ್ದೆ, ಏಕೆಂದರೆ ರೈಲಿನಲ್ಲಿ ವೀರಣ್ಣ ಅಡುಗೆಮನೆಯ ನೆಲದ ಮಾತು ಎತ್ತಿರಲಿಲ್ಲ. ಅವನೇ ಮೊದಲು ಹೇಳಿದ: "ಕೆಂಪು ಬಿಲ್ಲಿ ಕೂಡಿಸ್ಯಾರ ಮುತ್ಯಾ. ಸಣ್ಣ ಸಣ್ಣ ಇಟ್ಟಂಗಿ ಬಿಲ್ಲಿ. ಅದರ ಕೆಳಗ ಕಬ್ಬಿಣ."

ಎಲ್ಲರ ಮುಖದಲ್ಲೂ ಊಟಕ್ಕೆ ಕರೆದು ಎಲೆ ಹಾಕದಂಥ ಬೇಸರ. ಇಟ್ಟಂಗಿ ಬಿಲ್ಲೆ! ಆ ಮುಖಗಳನ್ನು ನೋಡಿದೆ, ನನಗೆ ಉತ್ತರ ಸಿಕ್ಕಿತು.

"ಶಹಾಬಾದ ಫರಸಿ ಮುತ್ಯಾ. ನಮ್ಮ ಖಣಿದೇ. ಉಳಿ ಗುರ್ತು ನೋಡಿ ಹಿಡದೆ."

ಊರು ಹೋ ಎಂದಿತು. ಯಾರೋ ಟೊಪ್ಪಿಗೆ ಮೇಲಕ್ಕೆ ಎಸೆದರು. ಮುತ್ಯಾ ನನ್ನ ಕಡೆ ಬಾಗಿದ. "ಕಾಲಿಗಿ ತಂಪ ಹತ್ತಿತೇನೋ?" ಎಂದ. "ಹತ್ತಿತು ಮುತ್ಯಾ, ಭಾಳ ತಂಪ" ಎಂದೆ.

ಅಷ್ಟಕ್ಕಾದರೂ ವೀರಣ್ಣ ಸುಮ್ಮನಿರಬೇಕಿತ್ತು. ಅವನಿಗೆ ಸುಮ್ಮನಿರಲು ಬರುವುದಿಲ್ಲ, ಸತ್ಯವಂತರ ರೋಗ ಅದು. "ಅಷ್ಟು ಕಲ್ಲು ಹಾಸಿದ್ರ ಹಡಗ ಮುಳಗತದಲ್ರೋ!" ಎಂದುಬಿಟ್ಟ.

ತೀರಿತು. ಅಲ್ಲಿಯವರೆಗೆ ಅವನು ಬರೀ ಸುಳ್ಳುಗಾರ, ಈಗ ಊರಿನ ಕಲ್ಲಿಗೆ ಕೆಟ್ಟ ಹೆಸರು ತರುವವನೂ ಆದ. "ನಮ್ಮ ಕಲ್ಲು ಮುಳಗಸ್ತದೇನಲೇ?" ಎಂದು ಹತ್ತು ಜನ ಎದ್ದರು. ಅಂದಿನಿಂದ ಅವನ ಹೆಸರು ಬಿಲ್ಲಿ ವೀರಣ್ಣ.

ಆ ಸಂಜೆ ನನ್ನ ಬಳಿ ಬಂದು ಒಂದೇ ಮಾತು ಹೇಳಿದ: "ಹಲಗಿ ಹನ್ನೊಂದ ಇದ್ದವು ಶಿವಲಿಂಗಾ. ನೀ ಮೂರರ ಮ್ಯಾಗ ನಿಂತಿದ್ದಿ." ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಇದು ನಗುವ ಕಥೆಯೇ. ನಾನೂ ಎಷ್ಟೋ ವರ್ಷ ನಕ್ಕಿದ್ದೇನೆ. ಆದರೆ ಸಣ್ಣ ಊರಿನಲ್ಲಿ ಒಬ್ಬನ ಮಾತು ಬಿದ್ದುಹೋದರೆ ಅವನ ಬಳಿ ಏನು ಉಳಿಯುತ್ತದೆ? ಗಣಿಯ ಬಡಗಣ ಗೋಡೆ ಸಡಿಲಾಗಿದೆ, ಅಡಿಯಲ್ಲಿ ಕೂತು ಕಲ್ಲು ಒಡೆಯುವ ಜನರನ್ನು ಎಬ್ಬಿಸಿ ಎಂದು ವೀರಣ್ಣ ಒಮ್ಮೆ ಹೇಳಿದ. ಕೆಂಪು ಬಿಲ್ಲೆ ಕಂಡಿತೇನು ಎಂದು ನಕ್ಕರು. ಅವನು ಓಡುತ್ತ ನನ್ನ ಬಳಿ ಬಂದ. "ನೀ ಹೇಳು. ನಿನ್ನ ಮಾತು ನಂಬ್ತಾರ." ನಾನು ಹೇಳಿದೆ. ನಂಬಿದರು, ಎದ್ದರು. ಮರುದಿನ ಗೋಡೆ ಕುಸಿಯಿತು, ಅಡಿಯಲ್ಲಿ ಯಾರೂ ಇರಲಿಲ್ಲ. ಶಿವಲಿಂಗನ ಕಣ್ಣು ಎಂಥ ಕಣ್ಣು ಎಂದು ಸಾಹುಕಾರರು ನನಗೆ ಶಾಲು ಹೊದಿಸಿದರು. ವೀರಣ್ಣ ಜನರ ನಡುವೆ ನಿಂತು ಚಪ್ಪಾಳೆ ತಟ್ಟಿದ. ಆ ಶಾಲು ನಾನು — ಹೊದ್ದುಕೊಂಡೆ.

ಅವನಿಗೆ ಹೆಣ್ಣು ಕೊಡಲು ಮುಧೋಳದಿಂದ ಬಂದವರು ಸಂಗಪ್ಪ ಮುತ್ಯಾನನ್ನೇ ಕೇಳಿದರು. "ಹುಡುಗ ದುಡಿಯಂವ. ಮಾತು ಮಾತ್ರ ಒಂದೀಟು ಸೋಸಿ ತಗೋಬೇಕ್ರಿ" ಎಂದ ಮುತ್ಯಾ. ಆ ಹುಡುಗಿ ನಾಗಮ್ಮ ಅಂದಿನಿಂದ ಗಂಡನ ಮಾತನ್ನು ಸೋಸುತ್ತಲೇ ಬಂದಳು. ಮಳೆ ಬಂತು ಎಂದರೆ ಹೊರಗೆ ಕೈ ಚಾಚಿ ನೋಡುವಳು. ಹಾಲು ಉಕ್ಕುತ್ತಿದೆ ಎಂದು ಅವನು ಕೂಗಿದರೆ ಏಳುವವಳಲ್ಲ; ಆ ಮನೆಯಲ್ಲಿ ಉಕ್ಕಿ ಹೋದ ಹಾಲಿಗೆಲ್ಲ ನಾನೇ ಹೊಣೆ. ಕೆಟ್ಟವಳಲ್ಲ, ಗಂಡನನ್ನು ಚೆನ್ನಾಗಿ ನೋಡಿಕೊಂಡಳು. ನಂಬಲಿಲ್ಲ, ಅಷ್ಟೆ.

ಹೋದ ವಾರ ವೀರಣ್ಣ ಜ್ವರದಲ್ಲಿ ಮಲಗಿದ್ದಾನೆಂದು ತಿಳಿಯಿತು. ಇನ್ನು ತಡೆದರೆ ಇಬ್ಬರಲ್ಲಿ ಒಬ್ಬನು ಇರುವುದಿಲ್ಲ ಎನ್ನಿಸಿತು. ಹೋದೆ. ನಾಗಮ್ಮ ಚಹಾ ತಂದಿಟ್ಟಳು. ಅವಳನ್ನೂ ಕೂರಿಸಿಕೊಂಡು ಎಲ್ಲ ಹೇಳಿದೆ — ಹಲಗೆ, ನಡುಕ, ಫರಸಿ, ಗೋಡೆ, ಶಾಲು. ರೊಟ್ಟಿ ತಿಂದದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ತಲೆ ತಗ್ಗಿಸಿ ಕೂತೆ. ಉಗಿಯಲಿ, ಹೊರಗೆ ಹಾಕಲಿ ಎಂದು ಕಾಯುತ್ತ ಕೂತೆ.

ನಾಗಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಂಥಾ ದೊಡ್ಡ ಮನಸ್ಸ್ರೀ ಅಣ್ಣಾರ ನಿಮ್ಮದು. ಇವರು ಜಡ್ಡಿನಾಗ ಮಲಗ್ಯಾರಂತ, ಇವರ ಜೀವಕ್ಕ ಸಮಾಧಾನ ಆಗ್ಲಂತ, ಇವರ ತಪ್ಪ ನಿಮ್ಮ ಮ್ಯಾಲ ಹಾಕ್ಕೊಳಾಕತ್ತೀರಿ."

"ಇಲ್ಲ ತಂಗಿ, ಖರೇನೇ ಹೇಳಾಕತ್ತೀನಿ."

"ಕೆಳಗ ಕುಂತಂವಗ ಒಳಗಿಂದೆಲ್ಲ ಹ್ಯಾಂಗ ಗೊತ್ತಾಗತದ್ರೀ? ಲಗ್ನ ಆದಾಗಿಂದ ನಿಮ್ಮ ಬಾಯಾಗೇ ಕೇಳೀನಿ." ಗಂಡನ ಕಡೆ ತಿರುಗಿದಳು. "ಇಂಥವರಿಗಿ ಜೀವನೆಲ್ಲ ಸುಳ್ಳ ಅಂದಿರಲ್ಲ. ಈಗರೆ ತಪ್ಪಾತು ಅನ್ರಿ."

ವೀರಣ್ಣ ಅವಳ ಮುಖ ನೋಡಿದ, ನನ್ನ ಮುಖ ನೋಡಿದ. ಅವನು ಏನು ಹೇಳಿದರೂ ಅವಳು ಸೋಸುತ್ತಾಳೆ, ಅದು ಇಬ್ಬರಿಗೂ ಗೊತ್ತಿತ್ತು. ಕೌದಿಯೊಳಗಿನಿಂದ ಎರಡೂ ಕೈ ಹೊರಗೆ ತೆಗೆದ, ನಿಧಾನವಾಗಿ ಜೋಡಿಸಿದ.

"ತಪ್ಪಾತಪಾ ಶಿವಲಿಂಗಾ" ಎಂದ. "ಚಹಾ ಕುಡಿ, ಆರತದ."

ಕುಡಿದು ಮನೆಗೆ ಬಂದೆ. ಬರುವ ಸೋಮವಾರ ಗುಡಿಯ ಕಟ್ಟೆಯ ಮೇಲೆ ನಿಂತು ಈ ಹಾಳೆಗಳನ್ನು ಓದುತ್ತೇನೆ. ನಂಬುವವರು ನಂಬಲಿ, ದೊಡ್ಡ ಮನಸ್ಸು ಎನ್ನುವವರ ಬಾಯಿ ಮುಚ್ಚಿಸುವ ಕೊನೆಯ ಸಾಲನ್ನೂ ಬಿಡದೆ ಓದುತ್ತೇನೆ. ವೀರಣ್ಣ ಕೈ ಮುಗಿದಾಗ ನಾನು ಆ ಕೈಗಳನ್ನು ಹಿಡಿದು ಬಿಡಿಸಬೇಕಿತ್ತು. ಬಿಡಿಸಲಿಲ್ಲ. ನಾಗಮ್ಮ ನನ್ನನ್ನು ದೇವರನ್ನು ನೋಡಿದ ಹಾಗೆ ನೋಡುತ್ತಿದ್ದಳು, ಅದು ನನಗೆ ಹಿತವಾಗಿತ್ತು.