ಯಾರ ಮನೆ ಸೊಸೆ

ನಮ್ಮ ಕೆ.ಆರ್. ಪೇಟೆ ಕಡೆ ಎದುರು ಸಿಕ್ಕವರನ್ನು ಮೊದಲು ಕೇಳುವುದು ಹೆಸರಲ್ಲ, ಊರು. ಆಮೇಲೆ ಯಾರ ಮನೆ ಎಂಬುದು. ಅದಾದ ಮೇಲೆ ಇಬ್ಬರೂ ಸೇರಿ ನೆಂಟಸ್ತನ ಹುಡುಕಲು ಶುರು ಮಾಡುತ್ತಾರೆ. ಕಾಫಿ ಮುಗಿಯುವುದರೊಳಗೆ ಸಿಕ್ಕೇ ಸಿಗುತ್ತದೆ. ನನ್ನ ಆಪ್ತಸಮಾಲೋಚನೆಯ ಕೋಣೆಯಲ್ಲಿ ಮಾತ್ರ ಈ ಪ್ರಶ್ನೆ ಇಲ್ಲ. ಬಂದವರೇ "ನಿಮ್ದು ಯಾವೂರು ಮೇಡಂ?" ಎಂದು ಕೇಳಿದರೂ ಮಾತು ತೇಲಿಸಿಬಿಡುತ್ತೇನೆ. ಈಯಮ್ಮನಿಗೆ ಜಂಬ ಎಂದು ಹೊರಗೆ ಹೇಳಿಕೊಂಡು ಓಡಾಡುವವರಿದ್ದಾರೆ. ಹೇಳಿಕೊಳ್ಳಲಿ.

ಈ ಕೆಲಸಕ್ಕೆ ನಾನು ಬಂದದ್ದು ಅಕ್ಕನಿಂದ.

ಆಗ ನಾನು ಡಿಗ್ರಿ ಓದುತ್ತಿದ್ದೆ. ನಾಗಮಂಗಲದ ಕಡೆ ಕೊಟ್ಟಿದ್ದ ಅಕ್ಕ ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಮೂರು ತಿಂಗಳು ತುಂಬಿದರೂ ಅವಳಿಗೆ ನಿದ್ದೆಯಿಲ್ಲ. ಮಗು ಅತ್ತರೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು. ಅವ್ವ ದೃಷ್ಟಿ ತೆಗೆದಳು, ತಾಯತ ಕಟ್ಟಿಸಿದಳು, ಬೈದೂ ನೋಡಿದಳು. ಕೊನೆಗೆ ಆಸ್ಪತ್ರೆಯ ನರ್ಸಮ್ಮ, ಶ್ರೀರಂಗಪಟ್ಟಣದಲ್ಲಿ ಒಬ್ಬ ಆಪ್ತಸಮಾಲೋಚಕಿ ಇದ್ದಾರೆ, ಅವರ ಹತ್ತಿರ ಮನಸ್ಸು ಬಿಚ್ಚಿ ಮಾತಾಡಲಿ ಎಂದರು. ಹಸು ಕರೆದು ಡೈರಿಗೆ ಹಾಲು ಹಾಕಬೇಕಾದ ಅವ್ವ ಬರುವಂತಿರಲಿಲ್ಲ. ನನ್ನನ್ನು ಜೊತೆ ಮಾಡಿ ಕಳಿಸಿದಳು.

ಬಸ್ಸಿನಲ್ಲಿ ಅಕ್ಕನ ತುಟಿ ಅಲ್ಲಾಡುತ್ತಲೇ ಇತ್ತು. ಹೇಳಬೇಕಾದ್ದನ್ನು ಉರು ಹೊಡೆಯುತ್ತಿದ್ದಾಳೆ ಎಂದು ತಿಳಿದು ನನಗೆ ಸ್ವಲ್ಪ ಧೈರ್ಯ ಬಂತು.

ಆ ಮೇಡಂ ಕೆಟ್ಟವರಲ್ಲ. ಮಗುವಿನ ಕೆನ್ನೆ ಸವರಿದರು, ಅಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಯಾವೂರಮ್ಮ? ಯಾರ ಮನೆ ಸೊಸೆ?" ಎಂದರು. ಅಕ್ಕ ಹೇಳಿದಳು. ಅವರ ಮುಖ ಅರಳಿತು.

"ಅಯ್ಯೋ, ನಿಮ್ಮತ್ತೆ ನಮ್ ಚಿಕ್ಕಮ್ಮನ ಬೀಗ್ತಿ ಕಣವ್ವ! ನೀನು ನಮ್ಮೋಳೇ ಆದೆ ಬುಡು. ಮುಚ್ಚುಮರೆ ಇಲ್ದೆ ಮಾತಾಡು."

ಆಡಿದ ಮಾತು ಸಂಜೆಯೊಳಗೆ ಅತ್ತೆಯ ಕಿವಿ ಮುಟ್ಟುತ್ತದೆ ಎಂದು ಅಕ್ಕನಿಗೆ ಅನಿಸಿಬಿಟ್ಟಿತು. "ಸುಸ್ತು, ಅಷ್ಟೇಯ" ಎಂದಳು. ಚೆನ್ನಾಗಿ ಉಣ್ಣಬೇಕು, ಅತ್ತೆಯನ್ನು ಕೇಳಿದೆನೆಂದು ಹೇಳು ಎಂದು ಮೇಡಂ ಕಳಿಸಿಕೊಟ್ಟರು. ನನಗೆ ಮೈ ಉರಿದುಹೋಯಿತು. ಪಕ್ಕದಲ್ಲಿ ಕೂತವಳ ಕಣ್ಣು ನೋಡದೆ ನೆಂಟಸ್ತನ ನೋಡಿದರಲ್ಲ! ಮುಂದೆ ಹಟ ಹಿಡಿದು ಮನಶ್ಶಾಸ್ತ್ರ ಓದಿದೆ. ಸೇವಾಭಾವ ಎಂದು ಜನ ಹೊಗಳಿದಾಗ ನಗು ಬರುತ್ತದೆ. ನನ್ನನ್ನು ಓದಿಸಿದ್ದು ಆ ಸಿಟ್ಟು, ಮತ್ತೆ ಆವತ್ತೇ ವಾಪಸು ಬರುವಾಗ ಆದದ್ದು.

ಪಾಂಡವಪುರದ ಹತ್ತಿರ ನಾಲೆ ಸೇತುವೆ ಬಳಿ ಬಸ್ಸು ನಿಂತಿತು. ಅಕ್ಕ ಮಗುವನ್ನು ಎದೆಗೆ ಅವಚಿಕೊಂಡು ಇಳಿದೇಬಿಟ್ಟಳು. ಚೀಲ ಎಳೆದುಕೊಂಡು ನಾನೂ ಹಿಂದೆಯೇ ಇಳಿದೆ. ನಾಲೆ ತುಂಬಿ ಹರಿಯುತ್ತಿತ್ತು. ಬಟ್ಟೆ ಒಗೆಯುವ ಮೆಟ್ಟಿಲು ಇಳಿದು, ನೀರಿಗೆ ತೀರ ಹತ್ತಿರ ಅವಳು ಕುಳಿತಳು. ಸುತ್ತ ಯಾರೂ ಇರಲಿಲ್ಲ.

ಮಗುವನ್ನು ಕಿತ್ತುಕೊಳ್ಳೋಣವೆಂದು ಕೈ ಮುಂದೆ ಹೋಯಿತು. ಕಿತ್ತುಕೊಂಡ ಮೇಲೆ ಅವಳೊಬ್ಬಳೇ ಹಾರಿದರೆ? ಕೂಗಿದರೆ ಅದೇ ಗಾಬರಿಯಲ್ಲಿ ಹಾರಿಬಿಟ್ಟರೆ? ಏನಾಯ್ತು, ಯಾಕೆ, ಯಾರೇನಂದರು ಎಂದು ನೂರು ಪ್ರಶ್ನೆ ಗಂಟಲಿಗೆ ಬಂದವು. ಒಂದನ್ನೂ ಕೇಳಲಿಲ್ಲ. ಅದೇನು ಜಾಣತನವಲ್ಲ, ಬರೀ ಭಯ. ಅವಳಿಗೂ ನೀರಿಗೂ ನಡುವೆ ಹೋಗಿ ಕುಳಿತು ಅವಳ ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಕಬ್ಬು ಹೇರಿದ ಟ್ರಾಕ್ಟರೊಂದು ಸೇತುವೆ ದಾಟಿತು. ಆ ಸದ್ದಿಗೆ ಮಗು ಎದ್ದು ಅಳತೊಡಗಿತು.

"ಇವ್ನ ಅಳು ಕೇಳುದ್ರೆ ನೀರಿಗೆ ಆಕ್ಬುಡಾನ ಅನ್ಸ್ತದೆ ಕಣೆ," ಎಂದಳು ಅಕ್ಕ. "ದಿನಾ ಅನ್ಸ್ತದೆ. ಇವ್ನ ಬೆನ್ನಿಗೇ ನಾನೂ ಓಗ್ಬುಡಾನ ಅಂತ. ಯಾರ ತಾವೂ ಬಾಯಿ ಬುಡ್ನಿಲ್ಲ."

ಸೆರಗನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡೆ. "ಊಂ" ಎಂದೆ.

"ನಾನು ಕೆಟ್ಟೋಳೇನೆ?"

"ಅಲ್ಲ ಕಣಕ್ಕ."

ಅವಳು ನೀರನ್ನೇ ನೋಡುತ್ತಿದ್ದಳು. ಆಮೇಲೆ ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು. "ಇವತ್ತು ಇವ್ನ ನನ್ ಕೈಗೆ ಕೊಡ್ಬೇಡ. ನಾನೇ ಕೇಳುದ್ರೂ ಕೊಡ್ಬೇಡ. ಈಗ್ಲೇ ಮೈಸೂರ್ಗೆ ಕರ್ಕೊಂಡೋಗು, ನಮ್ಮೋರು ಯಾರೂ ಇಲ್ದಿರೋ ಆಸ್ಪತ್ರೆಗೆ."

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಅವಳ ಸೆರಗು ಹಿಡಿದು ರಸ್ತೆಗೆ ಹತ್ತಿದೆ. ಮೈಸೂರಿನ ಬಸ್ಸು ಬೇಗ ಬರಲಿಲ್ಲ. ಮಗು ಹಸಿದು ಕಿರುಚುತ್ತಿತ್ತು. ಅಕ್ಕನ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. ಅವಳು ಎರಡೂ ಕೈ ಚಾಚಿದಳು.

"ಕೊಡೆ, ಹಾಲು ಕುಡುಸ್ತೀನಿ."

ನಾನು ಕೊಡಲಿಲ್ಲ. ಅವಳನ್ನು ಮರದ ಬುಡದಲ್ಲಿ ಕೂರಿಸಿ, ಮಗುವನ್ನು ನನ್ನ ಕೈಯಲ್ಲೇ ಹಿಡಿದು, ಅವಳ ಎದೆಗೆ ಒತ್ತಿ ಕುಡಿಸಿದೆ.