ಹಿಂಗಾಲಿನವನ ನಗು

ನಾಟಕಶಾಲೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಹಿಂಗಾಲು ಎಂದೇ. ಬೈಗುಳವೇನಲ್ಲ, ಕೆಲಸದ ಹೆಸರು. ಇಬ್ಬರು ಸೇರಿದರೆ ಒಂದು ಕುದುರೆ. ಮುಂದಿನವನು ತಲೆ, ಕತ್ತು, ಎರಡು ಕಾಲು. ಹಿಂದಿನವನು ಬೆನ್ನು, ಹೊಟ್ಟೆ, ಬಾಲ, ಉಳಿದೆರಡು ಕಾಲು. ಮುಂದಿನವನಿಗೆ ಕತ್ತಿನ ಬಟ್ಟೆಯಲ್ಲಿ ನೋಡಲು ಒಂದು ತೂತಾದರೂ ಇತ್ತು, ಕಿವಿ ಆಡಿಸಲು ದಾರವಿತ್ತು. ಹಿಂದಿನವನ ಪಾಲಿಗೆ ಬಂದದ್ದು ಕತ್ತಲೆ, ಸೆಖೆ ಮತ್ತು ಮುಂದಿನವನ ಸೊಂಟದ ಪಟ್ಟಿ. ಆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ನಡು ಬಗ್ಗಿಸಿ, ಅವನು ಹೋದಲ್ಲಿಗೆ ಹೋಗಬೇಕು. ಮುಂಗಾಲಿನವನು ಮಧ್ಯಾಹ್ನ ಏನು ತಿಂದಿದ್ದ ಎಂಬ ಸುದ್ದಿ ಮೊಟ್ಟಮೊದಲು ತಲುಪುತ್ತಿದ್ದುದು ಇವನಿಗೆ.

ಈ ಕೆಲಸಕ್ಕೆ ಅವನು ಹುಟ್ಟಿದ್ದೇ ಹೌದು ಅನ್ನಬೇಕು. ಅಪ್ಪ ಮನೆ ಸಾಮಾನು ಸಾಗಿಸುವವನು. ಮೀಸೆ ಮೂಡುವ ಮೊದಲೇ ಮಗ ಬೀರುಗಳ ಹಿಂದಿನ ತುದಿ ಹಿಡಿದು ಮೆಟ್ಟಿಲು ಇಳಿಯುವುದನ್ನು ಕಲಿತಿದ್ದ. ಭಾರ ಹೊತ್ತು, ಮುಂದೆ ಏನಿದೆ ಎಂದು ಕಾಣದೆ, ಅಪ್ಪನ ಹೆಜ್ಜೆಯ ಸದ್ದಿಗೆ ತನ್ನ ಹೆಜ್ಜೆ ಸೇರಿಸಿ ನಡೆಯುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಆಮೇಲೆ ನಾಟಕಶಾಲೆಯಲ್ಲಿ ರಂಗದ ಸಾಮಾನು ಎತ್ತಿಡುವ ಕೆಲಸ ಸಿಕ್ಕಿತು. ಒಂದು ಸಂಜೆ ಹಿಂಗಾಲಿನ ನರ್ತಕ ಜ್ವರ ಬಂದು ಮಲಗಿದ. ಯಾರಾದರೂ ಎರಡು ಕಾಲಿರುವವನು ಬಾ ಎಂದರು. ಇವನಿಗೆ ಎರಡು ಕಾಲಿದ್ದವು, ಹೋದ. ಆಮೇಲೆ ಆ ಬಟ್ಟೆಯಿಂದ ಅವನನ್ನು ಯಾರೂ ಹೊರಗೆ ಬಿಡಲಿಲ್ಲ.

ಅದು ಹೇಡಿ ಸೇನಾಪತಿಯೊಬ್ಬನ ನೃತ್ಯನಾಟಕ. ಸೇನಾಪತಿಗಿಂತ ಅವನ ಕುದುರೆಗೆ ಬುದ್ಧಿ ಜಾಸ್ತಿ. ಎರಡನೆಯ ಅಂಕದಲ್ಲಿ ಸೇನಾಪತಿ ಕತ್ತಿ ಎತ್ತಿ ಯುದ್ಧಕ್ಕೆ ಹೊರಡು ಎಂದು ಅಪ್ಪಣೆ ಕೊಡುತ್ತಾನೆ. ನಗಾರಿ ಮೊಳಗುತ್ತದೆ, ನಿಲ್ಲುತ್ತದೆ. ಕುದುರೆ ಕದಲುವುದಿಲ್ಲ. ಬರೆದವನು ಬರೆದದ್ದು ಇಷ್ಟೇ. ಒಂದು ದಿನ ಆ ಮೌನದಲ್ಲಿ ಇವನಿಗೆ ಮೀನಖಂಡ ಹಿಡಿದುಕೊಂಡಿತು. ನೋವು ತಾಳಲಾರದೆ ಎಡಗಾಲನ್ನು ಎತ್ತಿ, ಬಲಗಾಲಿನ ಮೇಲಿಂದ ದಾಟಿಸಿ, ಗೊರಸಿನ ತುದಿ ನೆಲಕ್ಕೂರಿ ನಿಂತ. ಬಸ್ ಕಾಯುವವರು ಕಂಬಕ್ಕೊರಗಿ ನಿಲ್ಲುತ್ತಾರಲ್ಲ, ಹಾಗೆ. ಹಾಲ್ ಬಿದ್ದು ಬಿದ್ದು ನಕ್ಕಿತು. ಮರುದಿನದಿಂದ ಅದೇ ಕಾಯಂ ಆಯಿತು.

ಅಂದಿನಿಂದ ಆ ನಗು ಅವನದು. ಜನರ ಮುಖ ಅವನು ಕಂಡವನಲ್ಲ. ಕೊನೆಯಲ್ಲಿ ಎಲ್ಲರೂ ಬಾಗಿ ನಮಸ್ಕರಿಸುವಾಗಲೂ ಕುದುರೆ ಕುದುರೆಯಾಗಿಯೇ ನಿಲ್ಲಬೇಕೆಂಬುದು ಅಲ್ಲಿನ ನಿಯಮ. ಆದರೆ ನಗುವಿನ ಸದ್ದು ಬಟ್ಟೆ ದಾಟಿ ಬರುತ್ತಿತ್ತು. ಮೊದಲು ಮುಂದಿನ ಸಾಲು, ಆಮೇಲೆ ಬಾಲ್ಕನಿ, ಕೊನೆಗೆ ತಡವಾಗಿ ಅರ್ಥವಾದ ಯಾರೋ ಒಬ್ಬರು. ಬಾಗಿದ ನಡುವಿಗೆ ಅಷ್ಟು ಸಾಕಾಗುತ್ತಿತ್ತು.

ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸಂಜೆ ಪಾಳಿ. ವಾರ್ಡಿನ ಈ ತುದಿಯಲ್ಲಿ ಬಾಯಿ ತೆರೆದರೆ ಆ ತುದಿಯ ರೋಗಿ ಎದ್ದು ಕೂರುವಂಥ ದನಿ. ಗಂಡನ ಆಟವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ರಜೆಯ ದಿನ ಕಾಲು ಊದಿಕೊಂಡಿರುತ್ತಿತ್ತು. ಬಟ್ಟೆಯೊಳಗೆ ಕೂತ ಗಂಡನನ್ನು ನೋಡಲು ಅಷ್ಟು ದೂರ ಯಾಕೆ ಹೋಗಬೇಕು, ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದಾಗ ನೋಡುವುದಿಲ್ಲವೇ ಎನ್ನುತ್ತಿದ್ದಳು. ಆದರೂ ಅವನು ಊಟಕ್ಕೆ ಕೂತು ಇವತ್ತಿನ ನಗು ಹೇಗಿತ್ತು ಎಂದು ಹೇಳಿದರೆ ತಟ್ಟೆಯ ಮುಂದೆ ಕೈ ಒಣಗಿಸಿಕೊಂಡು ಕೇಳುತ್ತಿದ್ದಳು. ಅಡುಗೆಮನೆಯ ಕಟ್ಟೆ ಹಿಡಿದು ಬಗ್ಗಿ, ನಗಾರಿ ನಿಂತಿತು, ಈಗ ಎತ್ತಿದೆ, ಈಗ ದಾಟಿಸಿದೆ ಎಂದು ಅವನು ಮಾಡಿ ತೋರಿಸಿದ್ದಕ್ಕೆ ಲೆಕ್ಕವಿಲ್ಲ.

ಹೀಗಿರುವಾಗ ಕ್ಯಾಮೆರಾದವರು ಬಂದರು. ನಾಟಕ, ಬ್ಯಾಲೆ, ಸಂಗೀತ ಕಛೇರಿಗಳನ್ನು ಶೂಟ್ ಮಾಡಿ, ಮನೆಯಲ್ಲಿ ಕೂತು ನೋಡುವವರಿಗೆ ಡಿಸ್ಕ್ ಮಾಡಿ ಮಾರುವ ಕಂಪನಿ. ಸುದ್ದಿ ಕೇಳಿ ಹೆಂಡತಿ, ಸರಿ, ಇನ್ನು ಕಾಲು ಚಾಚಿಕೊಂಡೇ ನೋಡಬಹುದು ಎಂದಳು. ಶೂಟಿಂಗ್ ದಿನ ಅವನು ನುಣ್ಣಗೆ ಗಡ್ಡ ಹೆರೆದುಕೊಂಡು ಹೋದ. ಬಟ್ಟೆಯೊಳಗೆ ಹೋಗುವವನಿಗೆ ಗಡ್ಡದ ಚಿಂತೆ ಯಾಕೆ ಎಂದು ಮುಂಗಾಲಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನ ಆಟ ಚಿನ್ನದಂತೆ ಬಂತು. ಹಾಲ್ ಎಷ್ಟು ನಕ್ಕಿತೆಂದರೆ ನಗಾರಿಯವನು ಕೋಲು ಎತ್ತಿ ಹಿಡಿದು ಕಾಯಬೇಕಾಯಿತು.

ಡಿಸ್ಕ್ ಮನೆಗೆ ಬಂದ ದಿನ ಹೆಂಡತಿ ಕಾಲು ಚಾಚಿ ಕೂತಳು. ಪಕ್ಕದಲ್ಲಿ ಅವಳ ತಮ್ಮ. ಕೀಟಲೆ ಮಾಡುವ ಹಕ್ಕನ್ನು ಹುಟ್ಟಿನಿಂದಲೇ ಪಡೆದುಬಂದವನಂತೆ ಆಡುವ ಭಾವಮೈದ. ಎರಡನೆಯ ಅಂಕ ಬಂತು. ಸೇನಾಪತಿ ಕತ್ತಿ ಎತ್ತಿದ. ನಗಾರಿ ಮೊಳಗಿತು. ಅವನು ಕುರ್ಚಿಯ ತುದಿಗೆ ಬಂದು, ನೋಡು, ಈಗ ನೋಡು ಎಂದ. ನಗಾರಿ ನಿಂತಿತು. ಪರದೆಯ ತುಂಬ ಸೇನಾಪತಿಯ ಮುಖ ಬಂದು ಕೂತಿತು. ಮೂಗಿನ ಬೆವರು ಕಾಣುವಷ್ಟು ಹತ್ತಿರ. ಆ ಮುಖದ ಎಡಹುಬ್ಬು ಒಂಚೂರು ಮೇಲೇರಿತು. ಅಷ್ಟೂ ಜನರ ನಗು ಕೇಳಿಸಿತು. ಮುಂದಿನ ಸಾಲು, ಬಾಲ್ಕನಿ, ಆ ಕೊನೆಯ ಒಬ್ಬರು, ಎಲ್ಲರದೂ. ಕುದುರೆ ಮತ್ತೆ ಕಂಡಾಗ ಎರಡೂ ಹಿಂಗಾಲು ನೆಟ್ಟಗೆ ನೆಲದಲ್ಲಿದ್ದವು.

"ನೀವು ದಿನಾ ಹೇಳ್ತಿದ್ದ ನಗು ಇದೇನಾ?" ಎಂದು ಹೆಂಡತಿ ಕೇಳಿದಳು.

ಪರವಾಗಿಲ್ಲ ಭಾವ, ನೀವು ಹಿಂದೆ ಇದ್ದಿದ್ದಕ್ಕೇ ಕುದುರೆ ಮಗುಚಿಕೊಳ್ಳಲಿಲ್ಲ ಎಂದು ಭಾವಮೈದ ಸಮಾಧಾನ ಹೇಳಿದ. ಹೆಂಡತಿ ಪಾತ್ರೆ ತೊಳೆಯಲು ಎದ್ದಳು. ಹೋಗುವಾಗ, ಆ ಮನುಷ್ಯನ ಹುಬ್ಬು ಚೆನ್ನಾಗಿದೆ ಎಂದಳು. ಅದೊಂದು ಮಾತು ಅವನ ಎದೆಗೆ ಒದ್ದಿತು. ಇಷ್ಟು ವರ್ಷ ಬೇರೆಯವನ ನಗುವನ್ನು ತನ್ನದೆಂದು ಹೇಳಿಕೊಂಡು ಊಟ ಮಾಡಿದ ಸುಳ್ಳುಗಾರನಂತೆ ಅವನು ತನ್ನದೇ ಮನೆಯಲ್ಲಿ ಕೂತಿದ್ದ.

ಮರುದಿನ ಬೆಳಗ್ಗೆ ನೇರ ಕಂಪನಿಯ ಎಡಿಟಿಂಗ್ ರೂಮಿಗೆ ಹೋದ. ಶೂಟಿಂಗ್ ಮಾಡಿಸಿದ ನಿರ್ದೇಶಕ ಮೆತ್ತಗಿನ ಮನುಷ್ಯ. ಕೂರಿಸಿದ, ಟೀ ತರಿಸಿದ. ಬೈಯಲು ಹೋದವನಿಗೆ ಟೀ ಕೊಡುವ ಜನರಷ್ಟು ಅಪಾಯದವರು ಬೇರೆ ಇಲ್ಲ. ಇವನು ಟೀ ಮುಟ್ಟದೆ ಕಾಲಿನ ವಿಚಾರ ಕೇಳಿದ.

"ಮನೇಲಿ ಕೂತು ನೋಡೋರಿಗೆ ಮುಖ ಬೇಕು ಸಾರ್. ಮುಖ ಇಲ್ದಿದ್ರೆ ಎದ್ದು ಹೋಗ್ತಾರೆ."

"ಹಾಲಲ್ಲಿ ಅಷ್ಟು ಜನ ನನ್ನ ಕಾಲು ನೋಡಿ ನಕ್ರು. ಯಾರೂ ಎದ್ದು ಹೋಗ್ಲಿಲ್ಲ. ನನ್ನ ನಗು ತಗೊಂಡು ಇನ್ನೊಬ್ಬನ ಹುಬ್ಬಿಗೆ ಅಂಟಿಸಿದೀರಲ್ಲ, ಇದಕ್ಕೆ ಏನಂತಾರೆ ಗೊತ್ತಾ?"

"ಎಡಿಟಿಂಗ್ ಅಂತಾರೆ," ಎಂದ ನಿರ್ದೇಶಕ. ವ್ಯಂಗ್ಯವಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟ, ಅಷ್ಟೇ. ಅದೇ ಇನ್ನೂ ಉರಿಸಿತು.

ಆಮೇಲೆ ಪಾಪ ಅನ್ನಿಸಿತೋ ಏನೋ, ಇಡೀ ರಂಗವನ್ನು ದೂರದಿಂದ ಹಿಡಿದ ಇನ್ನೊಂದು ಕ್ಯಾಮೆರಾದ ಚಿತ್ರವನ್ನು ಹಾಕಿ ತೋರಿಸಿದ. ಸಣ್ಣ ಪರದೆಯ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕುದುರೆ. ನಗಾರಿ ನಿಂತಿತು. ಕುದುರೆಯ ಹಿಂಗಾಲು ನಿಧಾನವಾಗಿ ಎದ್ದು, ಇನ್ನೊಂದರ ಮೇಲಿಂದ ದಾಟಿ, ಗೊರಸಿನ ತುದಿಯಲ್ಲಿ ನಿಂತಿತು. ತನ್ನ ಕೆಲಸವನ್ನು ಅವನು ಕಣ್ಣಾರೆ ಕಂಡದ್ದು ಅದೇ ಮೊದಲು. ತನಗೆ ಅರಿವಿಲ್ಲದೆ ನಕ್ಕುಬಿಟ್ಟ. ನಿರ್ದೇಶಕನೂ ನಕ್ಕ. ಹಾಗಾದರೆ ಇದು ನಗುವಂಥದ್ದು ಎಂದು ಈ ಪುಣ್ಯಾತ್ಮನಿಗೂ ಗೊತ್ತಿತ್ತು, ಗೊತ್ತಿದ್ದೂ ಕತ್ತರಿಸಿದ್ದ.

ಇದರದೊಂದು ಪ್ರತಿ ಕೊಡಿ, ಹೆಂಡತಿಗೆ ತೋರಿಸಬೇಕು ಎಂದು ಕೇಳಿದ. ಕೊಡುವಂತಿಲ್ಲ, ಎಲ್ಲ ಕಂಪನಿಯ ಸ್ವತ್ತು. ಹಾಗಾದರೆ ಅವಳನ್ನೇ ಇಲ್ಲಿಗೆ ಕರೆದುಕೊಂಡು ಬರಲೇ ಎಂದ ಇವನು. ಇವತ್ತೇ ಅಳಿಸುತ್ತಿದ್ದೇವೆ ಸಾರ್, ನಾಳೆ ಪಿಟೀಲಿನ ಕಛೇರಿ ಇದೆ, ಜಾಗ ಬೇಕು ಎಂದ ನಿರ್ದೇಶಕ. ಟೀ ಆರಿ ಕೆನೆ ಕಟ್ಟಿತ್ತು. ಅವನು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೊರಟ. ಅದಕ್ಕೆ ತಾನಾಗಿ ಮೆಲ್ಲಗೆ ಮುಚ್ಚಿಕೊಳ್ಳುವ ಯಂತ್ರ ಹಾಕಿದ್ದರು. ಒಂದು ಬಾಗಿಲು ಬಡಿಯುವ ಭಾಗ್ಯವೂ ಆ ಕಟ್ಟಡದಲ್ಲಿ ಇರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಡಿಸ್ಕ್ ಮನೆಮನೆಗೆ ಹೋಯಿತು. ಅದರ ಕೊನೆಯಲ್ಲಿ ಸೇನಾಪತಿಯ ಸಂದರ್ಶನ ಬೇರೆ ಇತ್ತು. ಆ ಹುಬ್ಬು ತನ್ನಿಂದ ತಾನೇ ಬಂತು, ಅದೆಲ್ಲ ಒಳಗಿಂದ ಬರಬೇಕು ಎಂದು ಅವನು ಕಣ್ಣು ಅರೆಮುಚ್ಚಿ ಹೇಳಿದ್ದ. ಈಗ ನಾಟಕಕ್ಕೆ ಬರುವವರು ಅರ್ಧಕ್ಕರ್ಧ ಡಿಸ್ಕ್ ನೋಡಿದವರು. ನಗಾರಿ ನಿಂತ ಕೂಡಲೇ ಎಲ್ಲರ ಕಣ್ಣು ಸೇನಾಪತಿಯ ಮುಖಕ್ಕೆ ಹೋಗುತ್ತಿತ್ತು. ಆ ಮಹಾಶಯನೂ ರುಚಿ ಹತ್ತಿದವನಂತೆ ಹುಬ್ಬನ್ನು ದಿನದಿನಕ್ಕೆ ಬೇಗ ಎತ್ತತೊಡಗಿದ.

ಇದು ಹಿಂಗಾಲಿಗೆ ಗೊತ್ತಾದದ್ದು ಕಿವಿಯಿಂದ. ಒಂದು ಸಂಜೆ ಅವನಿನ್ನೂ ಕಾಲು ಎತ್ತುವ ಮೊದಲೇ ನಗು ಬಂತು. ಏನೋ ತಪ್ಪಿತು ಅಂದುಕೊಂಡ. ಮರುದಿನವೂ ಹಾಗೇ. ಮೂರನೆಯ ಸಲ ಪರೀಕ್ಷೆಗೆಂದು ಎರಡೂ ಕಾಲನ್ನು ನೆಲಕ್ಕೆ ಊರಿ ಕಲ್ಲಿನಂತೆ ನಿಂತ. ಹಾಲ್ ಹಿಂದಿಗಿಂತ ಒಂದು ಕೈ ಜಾಸ್ತಿಯೇ ನಕ್ಕಿತು. ಆ ಕತ್ತಲೆಯಲ್ಲಿ ಅವನಿಗಾದ ಅವಮಾನವನ್ನು ಯಾರಿಗೆ ಹೇಳುವುದು. ಸಾವಿರ ಸಲ ಬಗ್ಗಿದ ಬೆನ್ನು ಅವತ್ತು ಮೊದಲ ಸಲ ಬಗ್ಗಿದ್ದಕ್ಕೆ ನಾಚಿಕೊಂಡಿತು. ಮುಂಗಾಲಿನವನಿಗೆ ಹೇಳಿದರೆ, ನಗ್ತಾರಲ್ಲ ಬಿಡಯ್ಯ, ಯಾರಿಗೆ ನಕ್ಕರೇನು ಎಂದುಬಿಟ್ಟ. ಅವನ ತಲೆಗಾದರೂ ಬಣ್ಣದ ಕಿವಿಯಿತ್ತು, ಅವನಿಗೇನು.

ಮನೆಗೆ ಬಂದು ಪಾಸೊಂದನ್ನು ಹೆಂಡತಿಯ ಮುಂದೆ ಇಟ್ಟ. ಭಾನುವಾರ ಮಧ್ಯಾಹ್ನದ ಆಟಕ್ಕೆ ಬಾ, ಒಂದು ಸಲ ಕಣ್ಣಿಂದ ನೋಡು, ಆಮೇಲೆ ಸುಳ್ಳ ಅನ್ನು ಎಂದ. ಯಾರು ಸುಳ್ಳ ಅಂದರು ಈಗ ಎಂದಳು ಅವಳು. ನೀನು ಸುಳ್ಳ ಅನ್ನಲಿಲ್ಲ, ಹುಬ್ಬು ಚೆನ್ನಾಗಿದೆ ಅಂದೆ ಎಂದ ಇವನು. ನೋಡೋಣ ಎಂದು ಪಾಸನ್ನು ಫ್ರಿಜ್ಜಿನ ಮೇಲಿಟ್ಟಳು. ಭಾನುವಾರ ಅವನು ಮನೆ ಬಿಡುವಾಗಲೂ ಅದು ಅಲ್ಲೇ ಇತ್ತು, ಅವಳು ಕಾಲು ಬಿಸಿನೀರಲ್ಲಿ ಇಟ್ಟುಕೊಂಡು ಕೂತಿದ್ದಳು.

ದಾರಿಯುದ್ದಕ್ಕೂ ಅವನು ಹಲ್ಲು ಕಡಿಯುತ್ತ ಹೋದ. ಇವತ್ತು ನಗು ತನ್ನದಾಗದಿದ್ದರೆ ಬೆನ್ನಿನ ಬಟ್ಟೆಯ ಕೊಕ್ಕೆಗಳನ್ನು ಕಿತ್ತು, ಎಲ್ಲರೆದುರು ನಡು ನೆಟ್ಟಗೆ ಮಾಡಿ ನಡೆದುಬಿಡುವುದು ಎಂದು ತೀರ್ಮಾನಿಸಿದ್ದ. ಸೇನಾಪತಿ ಅರ್ಧ ಕುದುರೆ ಇಟ್ಟುಕೊಂಡು ಹುಬ್ಬು ಹಾರಿಸಲಿ.

ಎರಡನೆಯ ಅಂಕ. ಕತ್ತಿ ಎದ್ದಿತು. ನಗಾರಿ ಮೊಳಗಿತು, ನಿಂತಿತು. ಅವನು ಎಡಗಾಲು ಎತ್ತಿದ. ಕಾಲು ಗಾಳಿಯಲ್ಲಿರುವಾಗಲೇ ನಗು ಸಿಡಿಯಿತು. ಮುಂದಿನ ಸಾಲು, ಬಾಲ್ಕನಿ, ಎಲ್ಲವೂ. ಕಾಲು ಹಾಗೇ ನಿಂತುಬಿಟ್ಟಿತು. ನಗು ಕಡಿಮೆಯಾಗುತ್ತ ಬಂದು ನಿಂತಿತು. ಅವನು ಒಂದು ಕೈಯನ್ನು ಸೊಂಟದ ಪಟ್ಟಿಯಿಂದ ಬಿಡಿಸಿ ಮೊದಲ ಕೊಕ್ಕೆಗೆ ಹಾಕಿದ.

ಆಗ ಹಾಲಿನ ಮಧ್ಯದಿಂದ ಒಂದು ದನಿ ಎದ್ದಿತು. ಯಾರೋ ಪಕ್ಕದವರನ್ನು ಗದರಿಸುತ್ತಿದ್ದ ದನಿ. ಅದಕ್ಕೆ ಹಾಲ್ ಆದರೂ ಒಂದೇ, ವಾರ್ಡ್ ಆದರೂ ಒಂದೇ.

"ಇನ್ನೂ ಆಗೇ ಇಲ್ಲ, ಅಷ್ಟರಲ್ಲೇ ಯಾಕ್ರೀ ನಗ್ತೀರಾ? ಆ ಮೂತಿ ಬಿಟ್ಟು ಹಿಂದಗಡೆ ಕಾಲು ನೋಡಿ. ಅದು ನಮ್ಮೋರ ಕಾಲು."

ಹಾಲ್ ಗಪ್‌ಚಿಪ್ಪಾಯಿತು. ಕೊಕ್ಕೆಯ ಮೇಲಿದ್ದ ಕೈ ನಿಂತಿತು. ಬಟ್ಟೆಯೊಳಗಿನ ಕತ್ತಲೆಯಲ್ಲಿ ಅವನಿಗೆ ಏನೂ ಕಾಣಲಿಲ್ಲ. ಆದರೆ ಅಷ್ಟೂ ಕಣ್ಣು ಈಗ ಎಲ್ಲಿವೆ ಎಂಬುದು ಬೆನ್ನಿಗೆ ಗೊತ್ತಾಯಿತು. ಸೇನಾಪತಿ ಇನ್ನೊಮ್ಮೆ ಹುಬ್ಬು ಎತ್ತಿರಬೇಕು, ಯಾರೂ ನಗಲಿಲ್ಲ. ಕಾಲು ಇಳಿಸೋ ಎಂದು ಮುಂಗಾಲಿನವನು ಪಿಸುಗುಟ್ಟಿದ. ಅವನು ಇಳಿಸಲಿಲ್ಲ. ಮೀನಖಂಡ ಸೆಟೆದು ನೋಯುತ್ತಿತ್ತು, ಸಿಟ್ಟು ಇನ್ನೂ ತಲೆಯಲ್ಲಿ ಕೊತಕೊತ ಕುದಿಯುತ್ತಿತ್ತು. ಕಾಯಲಿ ಅಂದುಕೊಂಡ. ಎಲ್ಲರೂ ಕಾಯಲಿ. ಅಡುಗೆಮನೆಯ ಕಟ್ಟೆಯ ಮುಂದೆ ಅವಳು ಎಷ್ಟು ಹೊತ್ತು ಕಾದಿದ್ದಳೋ ಅಷ್ಟು ಹೊತ್ತು ಕಾಯಿಸಿದ. ಆಮೇಲೆ ಕೈಯನ್ನು ಕೊಕ್ಕೆಯಿಂದ ತೆಗೆದು ಪಟ್ಟಿ ಹಿಡಿದು, ಎಡಗಾಲನ್ನು ನಿಧಾನವಾಗಿ ಬಲಗಾಲಿನ ಮೇಲಿಂದ ದಾಟಿಸಿದ.